ರಕ್ತದ ಮೈಕ್ರೋಆರ್‌ಎನ್‌ಎ ಪರೀಕ್ಷೆ ಮಾಡಿಸಿದರೆ ಅನ್ನನಾಳದ ಕ್ಯಾನ್ಸರ್ ಮೊದಲೇ ಗೊತ್ತಾಗುತ್ತದೆಯೇ?

ನಿಮ್ಮ ಚಿಕ್ಕಪ್ಪನಿಗೆ ಅನ್ನನಾಳದ ಕ್ಯಾನ್ಸರ್ ಗೊತ್ತಾಗುವ ಹೊತ್ತಿಗೆ ಮೂರನೇ ಹಂತಕ್ಕೆ ಬಂದಿತ್ತು ಅಂತ ಬರೆದಿದ್ದೀರಿ. ರಕ್ತದಲ್ಲಿರುವ ಮೈಕ್ರೋಆರ್‌ಎನ್‌ಎ ನೋಡಿ ಈ ರೋಗವನ್ನು 95%ಕ್ಕಿಂತ ನಿಖರವಾಗಿ ಹಿಡಿಯಬಹುದು ಎಂಬ ಸುದ್ದಿ ಓದಿ, ನೀವೂ ಒಮ್ಮೆ ಆ ಪರೀಕ್ಷೆ ಮಾಡಿಸಿಕೊಳ್ಳಬಹುದಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಬೇಡ. ನಾನು ವೈದ್ಯನಲ್ಲ, ರಕ್ತದ ಮಾದರಿಗಳಿಂದ ಮೈಕ್ರೋಆರ್‌ಎನ್‌ಎ ಬೇರ್ಪಡಿಸಿ ಪಿಸಿಆರ್‌ನಲ್ಲಿ (ಸೈಕಲ್‌ನಿಂದ ಸೈಕಲ್‌ಗೆ ದುಪ್ಪಟ್ಟು ಮಾಡುತ್ತಾ ಅಳೆಯುವ ವಿಧಾನ) ಅಳೆಯುವುದು ನನ್ನ ಕೆಲಸ. ಆ 95% ಎಲ್ಲಿಂದ ಹುಟ್ಟುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಿದವನಾಗಿ ಹೇಳುತ್ತಿದ್ದೇನೆ.

ಮೊದಲು ಒಂದು ಮಾತು: ಇದು ಬೊಗಳೆ ವಿಜ್ಞಾನ ಅಲ್ಲ. ಮೈಕ್ರೋಆರ್‌ಎನ್‌ಎ ಅಂದರೆ ಸುಮಾರು 22 ಅಕ್ಷರ ಉದ್ದದ ಪುಟ್ಟ ಆರ್‌ಎನ್‌ಎ ತುಣುಕು. ತಾನು ಪ್ರೋಟೀನ್ ಆಗುವುದಿಲ್ಲ, ಯಾವ ಪ್ರೋಟೀನ್ ಎಷ್ಟು ತಯಾರಾಗಬೇಕು ಎನ್ನುವುದಕ್ಕೆ ಕಡಿವಾಣ ಹಾಕುತ್ತದೆ. 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದನ್ನು ಮೊದಲು ಕಂಡ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರ ನೊಬೆಲ್ ಬಂತು. ಕ್ಯಾನ್ಸರ್ ಕೋಶದಲ್ಲಿ ಈ ಕಡಿವಾಣಗಳೇ ಏರುಪೇರಾಗುತ್ತವೆ. ಅನ್ನನಾಳದ ಸ್ಕ್ವಾಮಸ್ ಕ್ಯಾನ್ಸರ್‌ನಲ್ಲಿ (ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಬಗೆ) ಮಿರ್-21 (ಮಿರ್ ಅಂದರೆ ಮೈಕ್ರೋಆರ್‌ಎನ್‌ಎಯ ಚಿಕ್ಕ ಹೆಸರು) ಏರುತ್ತದೆ, ಮಿರ್-375 ಇಳಿಯುತ್ತದೆ ಎಂದು ಬೇರೆ ಬೇರೆ ಗುಂಪುಗಳು ಮತ್ತೆ ಮತ್ತೆ ಕಂಡಿವೆ. ಸಾಮಾನ್ಯವಾಗಿ ಆರ್‌ಎನ್‌ಎ ರಕ್ತದಲ್ಲಿ ಕ್ಷಣಮಾತ್ರವೂ ಉಳಿಯುವುದಿಲ್ಲ, ಕಿಣ್ವಗಳು ಕತ್ತರಿಸಿಬಿಡುತ್ತವೆ. ಆದರೆ ಮೈಕ್ರೋಆರ್‌ಎನ್‌ಎ ಪ್ರೋಟೀನಿಗೆ ಅಂಟಿಕೊಂಡೋ ಸೂಕ್ಷ್ಮ ಕೋಶಕಗಳ ಒಳಗೆ ಸೇರಿಕೊಂಡೋ ಗಟ್ಟಿಯಾಗಿ ಉಳಿಯುತ್ತದೆ. ಅದು ರಕ್ತದಲ್ಲಿ ಉಳಿಯುತ್ತದೆ ಎಂದು 2008ರ ಹೊತ್ತಿಗೆ ಗೊತ್ತಾದ ಮೇಲೆ, ರಕ್ತದಲ್ಲಿ ಅದನ್ನು ಹುಡುಕುವ ಭರಾಟೆ ಶುರುವಾಯಿತು.

ಆಮೇಲಿನ ಕಥೆ ನಮ್ಮ ಮೇಜಿನ ಮೇಲೆ ನಡೆಯುವಂಥದ್ದು. ರಕ್ತದ ಟ್ಯೂಬನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತೆಗೆದಾಗ ಕೆಂಪುಕಣಗಳು ತಳಕ್ಕೆ ಕೂತು, ಮೇಲೆ ಒಣಹುಲ್ಲಿನ ಬಣ್ಣದ ಪ್ಲಾಸ್ಮಾ ನಿಲ್ಲಬೇಕು. ಕೆಲವು ಟ್ಯೂಬುಗಳಲ್ಲಿ ಅದು ತುಸು ಗುಲಾಬಿಯಾಗಿರುತ್ತದೆ. ಸೂಜಿ ಸಣ್ಣದಿತ್ತು, ನರ ಸಿಗದೆ ಎಳೆದಾಡಿದರು, ಟ್ಯೂಬು ಬಹಳ ಹೊತ್ತು ಹೊರಗೇ ಇತ್ತು, ಇಂಥ ಯಾವುದಾದರೊಂದು ಕಾರಣಕ್ಕೆ ಕೆಂಪುಕಣಗಳು ಒಡೆದಿರುತ್ತವೆ. ಆ ಕಣಗಳ ಒಳಗೆ ಮಿರ್-451, ಮಿರ್-16, ಮಿರ್-486 ತುಂಬಿ ತುಳುಕುತ್ತಿರುತ್ತವೆ. ಗಡ್ಡೆಯಿಂದ ರಕ್ತಕ್ಕೆ ಬರುವ ಪಾಲು ಇದರ ಮುಂದೆ ತೀರಾ ಸಣ್ಣದು. ಕಣ್ಣಿಗೆ ಗುಲಾಬಿ ಕಾಣದಿದ್ದರೂ ಹಾನಿ ಆಗಿರಬಹುದು, ಅದಕ್ಕೇ 414 ನ್ಯಾನೋಮೀಟರ್ ಬೆಳಕಿನಲ್ಲಿ ಹಿಮೋಗ್ಲೋಬಿನ್ ಇದೆಯೇ ಎಂದು ನೋಡುತ್ತೇವೆ.

ಪಿಸಿಆರ್‌ನಲ್ಲಿ ಒಂದು ಸೈಕಲ್ ಹೆಚ್ಚುಕಮ್ಮಿ ಆದರೆ ಪ್ರಮಾಣದಲ್ಲಿ ಎರಡು ಪಟ್ಟು ವ್ಯತ್ಯಾಸ. ರೋಗಿಗೂ ಆರೋಗ್ಯವಂತನಿಗೂ ನಡುವೆ ಎಷ್ಟೋ ಪ್ರಬಂಧಗಳು ತೋರಿಸುವ ವ್ಯತ್ಯಾಸ ಇಷ್ಟೇ, ಒಂದೆರಡು ಸೈಕಲ್. ಒಡೆದ ರಕ್ತ ಅದಕ್ಕಿಂತ ಹೆಚ್ಚು ಏರುಪೇರು ಮಾಡಬಲ್ಲದು. ಇನ್ನೂ ತಮಾಷೆಯೆಂದರೆ, ಬಹಳಷ್ಟು ಪ್ರಬಂಧಗಳಲ್ಲಿ ಉಳಿದವನ್ನು ಅಳೆಯಲು ಆಧಾರವಾಗಿ ಇಟ್ಟುಕೊಳ್ಳುವುದು ಅದೇ ಮಿರ್-16 ಅನ್ನು. ತಕ್ಕಡಿಯ ತೂಕದ ಕಲ್ಲೇ ಭಾರ ಬದಲಿಸಿದಂತೆ: ಕಣ ಒಡೆದರೆ ಆಧಾರ ಏರುತ್ತದೆ, ಮಿಕ್ಕವೆಲ್ಲ ಇಳಿದಂತೆ ಕಾಣುತ್ತವೆ. ರಕ್ತದಲ್ಲಿ ಸಿಗುವ ಕ್ಯಾನ್ಸರ್ ಸೂಚಕ ಎಂದು ಅಲ್ಲಿಯವರೆಗೆ ವರದಿಯಾಗಿದ್ದ ಮೈಕ್ರೋಆರ್‌ಎನ್‌ಎಗಳಲ್ಲಿ ಅರ್ಧಕ್ಕಿಂತ ಹೆಚ್ಚು ರಕ್ತಕಣಗಳಲ್ಲೇ ಹೇರಳವಾಗಿವೆ ಎಂದು 2012ರಲ್ಲೇ ಒಂದು ಎಚ್ಚರಿಕೆಯ ಅಧ್ಯಯನ ಬಂದಿತ್ತು. ಅದನ್ನು ಓದಿಯೂ ಓದದಂತೆ ಮುಂದುವರಿದವರು ಕಡಿಮೆ ಇಲ್ಲ.

ಈಗ ಯೋಚಿಸಿ. ರೋಗಿಗಳ ರಕ್ತ ಆಸ್ಪತ್ರೆಯ ಗಡಿಬಿಡಿಯಲ್ಲಿ ತೆಗೆದದ್ದು, ಗಂಟೆಗಟ್ಟಲೆ ಕಾದು ಪ್ರಯೋಗಾಲಯ ಸೇರಿದ್ದು. ಆರೋಗ್ಯವಂತರದ್ದು ಬೇರೆಲ್ಲೋ ನಿಧಾನವಾಗಿ ತೆಗೆದು ಕೂಡಲೇ ಫ್ರೀಜರಿಗೆ ಹಾಕಿದ್ದು. ಎರಡನ್ನೂ ಕಂಪ್ಯೂಟರಿಗೆ ಕೊಟ್ಟರೆ ಅದು ಸೊಗಸಾಗಿ ಬೇರ್ಪಡಿಸುತ್ತದೆ. ಆದರೆ ಬೇರ್ಪಡಿಸಿದ್ದು ಕ್ಯಾನ್ಸರನ್ನೋ ಸ್ಯಾಂಪಲ್ ನೋಡಿಕೊಂಡ ರೀತಿಯನ್ನೋ?

ನೀವು ಓದಿದ್ದು ಬಹುಶಃ 2019ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದ ಸುದ್ದಿ. 500ಕ್ಕೂ ಹೆಚ್ಚು ಸ್ಕ್ವಾಮಸ್ ಕ್ಯಾನ್ಸರ್ ರೋಗಿಗಳು, ಸುಮಾರು 5,000 ಕ್ಯಾನ್ಸರ್ ಇಲ್ಲದವರು, ಆರು ಮೈಕ್ರೋಆರ್‌ಎನ್‌ಎಗಳ ಒಂದು ಸೂಚ್ಯಂಕ. ಸಂಖ್ಯೆಯ ದೃಷ್ಟಿಯಿಂದ ಈ ಕ್ಷೇತ್ರದಲ್ಲಿ ಇದು ದೊಡ್ಡ ಕೆಲಸವೇ, 40 ರೋಗಿ 40 ಆರೋಗ್ಯವಂತರನ್ನಿಟ್ಟುಕೊಂಡು ಬರೆದ ಪ್ರಬಂಧಗಳ ಸಾಲಿಗೆ ಸೇರಿಸಲಾಗದು. ಆದರೂ ಎರಡು ವಿಷಯ ಗಮನಿಸಿ. ಆ ಆರರಲ್ಲಿ ಮಿರ್-21 ಇಲ್ಲ, ಮಿರ್-375 ಕೂಡ ಇಲ್ಲ. ಪಟ್ಟಿ ಪ್ರಬಂಧದಿಂದ ಪ್ರಬಂಧಕ್ಕೆ ಬದಲಾಗುತ್ತಲೇ ಇದೆ. ಎರಡನೆಯದು ಇನ್ನೂ ಮುಖ್ಯ: ಅಲ್ಲಿದ್ದ ರೋಗಿಗಳು ರೋಗ ಇದೆಯೆಂದು ಆಗಲೇ ಗೊತ್ತಾದವರು. ಗೊತ್ತಿರುವ ರೋಗಿಯನ್ನು ಗುರುತಿಸುವುದು ಬೇರೆ, ಆರಾಮಾಗಿ ಓಡಾಡಿಕೊಂಡಿರುವ ಸಾವಿರಾರು ಜನರ ನಡುವೆ ಯಾರ ಅನ್ನನಾಳದ ಒಳಪದರದಲ್ಲಿ ಈಗಷ್ಟೇ ಶುರುವಾಗಿದೆ ಅಂತ ಹೇಳುವುದು ಬೇರೆ. ನಿಮಗೆ ಬೇಕಿರುವುದು ಈ ಎರಡನೆಯದು. ಗಡ್ಡೆ ಚಿಕ್ಕದಿದ್ದಷ್ಟೂ ರಕ್ತಕ್ಕೆ ಸೋರುವುದೂ ಕಡಿಮೆ.

95% ಎನ್ನುವುದನ್ನು ಹಾಗೇ ಒಪ್ಪಿಕೊಂಡೇ ಲೆಕ್ಕ ಹಾಕೋಣ. 1 ಲಕ್ಷ ಜನ, ಅವರಲ್ಲಿ 100 ಜನಕ್ಕೆ ರೋಗ ಇದೆ ಅಂದುಕೊಳ್ಳಿ (ಇದೇ ಧಾರಾಳದ ಅಂದಾಜು). ಪರೀಕ್ಷೆ 95 ಜನರನ್ನು ಸರಿಯಾಗಿ ಹಿಡಿಯುತ್ತದೆ. ರೋಗವಿಲ್ಲದ 99,900 ಜನರಲ್ಲಿ 5% ಅಂದರೆ 4,995 ಜನಕ್ಕೂ ಪಾಸಿಟಿವ್ ಬರುತ್ತದೆ. ಪಾಸಿಟಿವ್ ಬಂದ 5,090 ಜನರಲ್ಲಿ ನಿಜವಾದ ರೋಗಿಗಳು 95, ನೂರಕ್ಕೆ ಇಬ್ಬರೂ ಇಲ್ಲ. ಉಳಿದವರು ಎಂಡೋಸ್ಕೋಪಿ ಆಗುವವರೆಗೂ ನಿದ್ದೆಗೆಡಬೇಕು. ಮಿರ್-21 ಅಂತೂ ಉರಿಯೂತದಲ್ಲೂ, ಹೃದ್ರೋಗದಲ್ಲೂ, ಬೇರೆ ಹಲವು ಕ್ಯಾನ್ಸರ್‌ಗಳಲ್ಲೂ ಏರುವಂಥದ್ದು. ಅದೊಂದನ್ನೇ ನಂಬಿ ಅನ್ನನಾಳದ ಕಡೆ ಬೆರಳು ತೋರಿಸಲಾಗದು.

ಹಾಗಾದರೆ ಏನು ಮಾಡುವುದು? ಚಿಕ್ಕಪ್ಪನಿಗೆ ಯಾವ ಬಗೆ ಅಂತ ಬಯಾಪ್ಸಿ ವರದಿಯಲ್ಲಿ ನೋಡಿ. ಸ್ಕ್ವಾಮಸ್ ಆಗಿದ್ದರೆ ತಂಬಾಕು ಮತ್ತು ಮದ್ಯ ಮುಖ್ಯ ಕಾರಣಗಳು, ಎರಡೂ ಕೂಡಿದರೆ ಅಪಾಯ ಬರಿಯ ಕೂಡಿಕೆಗಿಂತ ಬಹಳ ಹೆಚ್ಚು. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ 'ಬಹುಶಃ ಕ್ಯಾನ್ಸರ್‌ಕಾರಕ' ಪಟ್ಟಿಗೆ ಸೇರಿಸಿದೆ. ಅಡೆನೋಕಾರ್ಸಿನೋಮ (ಗ್ರಂಥಿ ಕೋಶಗಳಲ್ಲಿ ಹುಟ್ಟುವ ಬಗೆ) ಆಗಿದ್ದರೆ ದಾರಿ ಬೇರೆ: ವರ್ಷಗಟ್ಟಲೆ ಎದೆಯುರಿ, ಬೊಜ್ಜು, ಹೊಟ್ಟೆಯ ಆಮ್ಲಕ್ಕೆ ಒಳಪದರವೇ ಬದಲಾಗುವ ಬ್ಯಾರೆಟ್ ಸ್ಥಿತಿ. ನೇರ ವಂಶಪಾರಂಪರ್ಯ ಅಪರೂಪ. ಅಂಗೈ ಅಂಗಾಲು ದಪ್ಪಗಟ್ಟುವ ಟೈಲೋಸಿಸ್‌ನಂಥ ಕಾಯಿಲೆ ಮನೆಯಲ್ಲಿದ್ದರೆ ಮಾತ್ರ ಅದು ದೊಡ್ಡ ವಿಷಯ.

ಈ ಅಪಾಯಗಳು ನಿಮಗಿದ್ದರೆ ಗ್ಯಾಸ್ಟ್ರೋ ವೈದ್ಯರ ಹತ್ತಿರ ಎಂಡೋಸ್ಕೋಪಿ ಬಗ್ಗೆ ಮಾತಾಡಿ. ಒಳಪದರಕ್ಕೆ ಲ್ಯುಗಾಲ್ ಅಯೋಡಿನ್ ಸಿಂಪಡಿಸಿದರೆ ಆರೋಗ್ಯವಾದ ಜಾಗ ಕಂದು ಬಣ್ಣಕ್ಕೆ ತಿರುಗುತ್ತದೆ, ಕೆಟ್ಟ ಜಾಗ ಬಣ್ಣ ಹಿಡಿಯದೆ ಪೇಲವವಾಗಿ ಉಳಿಯುತ್ತದೆ. ಹಳೆಯ ವಿದ್ಯೆ, ಆದರೆ ಸ್ಕ್ವಾಮಸ್ ಬಗೆಯನ್ನು ಆರಂಭದಲ್ಲೇ ಹಿಡಿಯುತ್ತದೆ. ಬ್ಯಾರೆಟ್‌ಗೆ ದಾರಕ್ಕೆ ಕಟ್ಟಿದ ಕ್ಯಾಪ್ಸೂಲ್ ನುಂಗಿಸಿ, ಒಳಗೆ ಅರಳಿದ ಸ್ಪಂಜನ್ನು ಮೇಲಕ್ಕೆಳೆದು ಕೋಶಗಳನ್ನು ನೋಡುವ ವಿಧಾನವೂ ಬಂದಿದೆ. ನನ್ನ ಕೇಳಿದರೆ ಮೈಕ್ರೋಆರ್‌ಎನ್‌ಎಗೂ ರಕ್ತಕ್ಕಿಂತ ಆ ಸ್ಪಂಜೇ ಒಳ್ಳೆಯ ಜಾಗ, ಅಲ್ಲಿ ಸಿಗುವುದು ಅನ್ನನಾಳದ್ದೇ ಕೋಶ. ಇನ್ನು ಗಟ್ಟಿ ಆಹಾರ ನುಂಗುವಾಗ ಸಿಕ್ಕಿಕೊಂಡಂತೆ ಆಗುತ್ತಿದ್ದರೆ ಅಪಾಯದ ಲೆಕ್ಕ ಹಾಕುತ್ತಾ ಕೂರಬೇಡಿ, ಈ ವಾರವೇ ಹೋಗಿ.

ಯಾರಾದರೂ ಈ ರಕ್ತಪರೀಕ್ಷೆಯನ್ನು ನಿಮಗೆ ಮಾರಲು ಬಂದರೆ, ಮೊದಲನೇ ಹಂತದ ರೋಗಿಗಳು ಎಷ್ಟು ಜನರಿದ್ದರು, ರೋಗ ಗೊತ್ತಾಗುವ ಮೊದಲೇ ತೆಗೆದಿಟ್ಟ ರಕ್ತದಲ್ಲಿ ನೋಡಿದ್ದೀರಾ, ಬೇರೆ ಆಸ್ಪತ್ರೆಯ ಮಾದರಿಗಳಲ್ಲೂ ಅದೇ ಫಲಿತಾಂಶ ಬಂತಾ ಅಂತ ಕೇಳಿ. ಪಾಸಿಟಿವ್ ಬಂದರೆ ಮುಂದೇನು ಅಂತಲೂ ಕೇಳಿ, ಎಂಡೋಸ್ಕೋಪಿ ಅನ್ನುತ್ತಾರೆ. ನೆಗೆಟಿವ್ ಬಂದು ನುಂಗುವುದು ಕಷ್ಟವಾಗುತ್ತಿದ್ದರೆ? ಆಗಲೂ ಎಂಡೋಸ್ಕೋಪಿಯೇ.