ಆ ಗುಡ್ಡಗಳನ್ನು ಬೋಳಿಸಿದವರು ಯಾರು?

ಹಾಸನದ ನಿವೃತ್ತ ಶಿಕ್ಷಕರೊಬ್ಬರ ಪತ್ರ: “ಊಟಿಯ ಹುಲ್ಲುಗಾವಲಿನಲ್ಲಿ ಮನುಷ್ಯನ ಕೈವಾಡವೇ ಇಲ್ಲವೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ಕಂಡಂತೆ ಕಣಿವೆಯ ಮಡಿಲಲ್ಲಷ್ಟೇ ಕಾಡು, ಮೇಲೆಲ್ಲ ಬೋಳು. ಅಲ್ಲಿನ ತೋಡ ಬುಡಕಟ್ಟಿನವರ ಎಮ್ಮೆ ಮೇದು, ಬೆಂಕಿ ಬಿದ್ದು ಕಾಡು ಹೋದದ್ದಲ್ಲವೇ? ಜನವರಿಯಲ್ಲಿ ಶಾಲಾ ಮಕ್ಕಳೊಂದಿಗೆ ಹೋಗಿ ಸಸಿ ನೆಡಬೇಕೆಂದಿದ್ದೇನೆ.”

ಮಾನ್ಯರೇ,

‘ಕೈವಾಡವೇ ಇಲ್ಲ’ ಎಂದದ್ದು ನಮ್ಮ ಅತಿರೇಕ, ಒಪ್ಪುತ್ತೇನೆ. ದನಗಾಹಿಗಳು ಹುಲ್ಲಿಗೆ ಬೆಂಕಿ ಕೊಡುತ್ತಿದ್ದರು. ಕಾಡಿನ ಅಂಚು ಅದರಿಂದ ಅಲ್ಲಲ್ಲಿ ಹಿಂದೆ ಸರಿದಿರಲೂಬಹುದು. ಆದರೆ ಹುಲ್ಲು ಹುಟ್ಟಿದ್ದೇ ಎಮ್ಮೆಗಳಿಂದ ಎಂಬ ಮಾತಿಗೆ ಆ ನೆಲವೇ ಒಪ್ಪುವುದಿಲ್ಲ.

ಊಟಿಯ ಬಳಿ ಒಂದು ಕಣಿವೆಯಿದೆ. ಅದರ ತಳದ ಜೌಗಿನಲ್ಲಿ ಸತ್ತ ಸಸ್ಯಗಳು ಪೂರ್ತಿ ಕೊಳೆಯದೆ ಪದರ ಪದರವಾಗಿ ಕಪ್ಪು ಮಣ್ಣಾಗಿ ಕೂತಿವೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಆ ಮಣ್ಣನ್ನು ಓದಿ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಓದುವ ಬಗೆ ಸೊಗಸಾಗಿದೆ. ರಾಗಿ, ಜೋಳ, ಕಬ್ಬು ಗಾಳಿಯಿಂದ ಇಂಗಾಲ ಹೀರುವ ರೀತಿ ಒಂದು. ಮರಗಳದ್ದೂ ಭತ್ತದ್ದೂ ಇನ್ನೊಂದು. ಒಣ ಹವೆಯ ಹುಲ್ಲುಗಳಲ್ಲಿ ಹೆಚ್ಚಿನವು ರಾಗಿಯ ಪಂಗಡದವು. ಈ ಪಂಗಡದ ದೇಹದಲ್ಲಿ ಇಂಗಾಲದಲ್ಲೇ ತೂಕ ಹೆಚ್ಚಿರುವ ಒಂದು ಬಗೆಯ ಪಾಲು ತುಸು ಹೆಚ್ಚು. ಸಸ್ಯ ಸತ್ತು ಸಾವಿರಾರು ವರ್ಷ ಕಳೆದರೂ ಆ ಗುರುತು ಅಳಿಯುವುದಿಲ್ಲ.

ಸುಮಾರು 20,000 ವರ್ಷ ಹಿಂದೆ, ಹಿಮಯುಗ ತುತ್ತತುದಿಯಲ್ಲಿದ್ದಾಗ, ಮುಂಗಾರು ಸೊರಗಿ ಆ ಕಣಿವೆಯಲ್ಲಿ ಇಂಥ ಹುಲ್ಲುಗಳದ್ದೇ ಮೇಲುಗೈ. ಮುಂದೆ ಮಳೆ ಬಲಿತಾಗ ಇನ್ನೊಂದು ಪಂಗಡ ಮುಂದೆ ಬಂತು. ಸುಮಾರು 6,000 ವರ್ಷಗಳ ಹಿಂದೆ ಮತ್ತೆ ಒಣಗಾಲ ಶುರುವಾಯಿತು. ತೋಡರ ಎಮ್ಮೆಗಳು ಎಷ್ಟೇ ಪುರಾತನವೆಂದರೂ ಹಿಮಯುಗದಲ್ಲಿ ಮೇಯುತ್ತಿರಲಿಲ್ಲ.

ನಿಜವಾದ ಕೈವಾಡ ಬೇಕೆಂದರೆ ಇನ್ನೂರು ವರ್ಷ ಹಿಂದೆ ಹೋದರೆ ಸಾಕು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ನೀಲಗಿರಿ ಬೆಟ್ಟ ಹತ್ತಿದ. ಅವನ ಹಿಂದೆಯೇ ಬಂಗಲೆ, ಕೆರೆ, ಆಲೂಗಡ್ಡೆ, ಚಹಾ ಬಂದವು; ಉರುವಲಿಗೆಂದು ಆಸ್ಟ್ರೇಲಿಯಾದ ಮರಗಳೂ ಬಂದವು. ಅವುಗಳಲ್ಲಿ ಒಂದನ್ನು ನಾವು ‘ನೀಲಗಿರಿ’ ಎಂದೇ ಕರೆಯುತ್ತೇವೆ, ಬೆಟ್ಟದ ಹೆಸರನ್ನು ಅದರ ಮೇಲೆ ಬಂದು ಕೂತ ಪರದೇಶಿಗೆ ಕೊಟ್ಟು! ಸ್ವಾತಂತ್ರ್ಯದ ನಂತರವೂ ಹುಲ್ಲುಗಾವಲು ಸರ್ಕಾರದ ಕಣ್ಣಿಗೆ ಪಾಳು ಭೂಮಿಯೇ. ಚರ್ಮ ಹದಮಾಡುವ ತೊಗಟೆಗೆ ವಾಟಲ್ ಎಂಬ ಇನ್ನೊಂದು ಆಸ್ಟ್ರೇಲಿಯಾ ಮರವನ್ನು, ರೇಯಾನ್ ಬಟ್ಟೆಯ ತಿರುಳಿಗೆ ನೀಲಗಿರಿಯನ್ನು ನೆಟ್ಟರು. ಊಟಿಯ ಬಳಿಯ ಗ್ಲೆನ್‌ಮಾರ್ಗನ್‌ನಲ್ಲಿ ಹುಲ್ಲಿನ ಜಲಾನಯನವೊಂದರಲ್ಲಿ ನೀಲಗಿರಿ ನೆಟ್ಟು ಅಳೆದು ನೋಡಿದಾಗ, ಮೊದಲ ಹತ್ತು ವರ್ಷಗಳಲ್ಲೇ ಹರಿದುಬರುವ ನೀರು ಸುಮಾರು ಶೇ 16ರಷ್ಟು ಇಳಿದಿತ್ತು. ವಾಟಲ್‌ನದು ಬೇರೆಯೇ ಹಟ: ಅದರ ಬೀಜ ದಶಕಗಟ್ಟಲೆ ಮಣ್ಣಿನಲ್ಲಿ ಕಾದಿದ್ದು, ಬೆಂಕಿ ತಗುಲಿದೊಡನೆ ಮೊಳೆಯುತ್ತದೆ.

ಹವೆ ಬಿಸಿಯೇರಿ ಇಬ್ಬನಿ ಹೆಪ್ಪುಗಟ್ಟಿ ಹಿಮವಾಗುವ ರಾತ್ರಿಗಳು ಕಡಿಮೆಯಾದರೆ ಈ ಮರಗಳಿಗೆ ಇನ್ನಷ್ಟು ಸಲೀಸು. ಎಳೆ ಸಸಿಗಳನ್ನು ಬಯಲಿನಿಂದ ದೂರವಿಟ್ಟ ಕಾವಲುಗಾರರಲ್ಲಿ ಆ ಹಿಮವೂ ಒಂದು.

ಮಕ್ಕಳನ್ನು ಖಂಡಿತ ಕರೆದೊಯ್ಯಿರಿ, ಸಸಿಗಳನ್ನು ಹಾಸನದಲ್ಲೇ ಬಿಟ್ಟು. ಬಿಸಿಲೇರುವ ಮುನ್ನ ಕಣಿವೆಗೆ ಇಳಿದರೆ, ಅದೃಷ್ಟವಿದ್ದಲ್ಲಿ ಹುಲ್ಲಿನ ಮೇಲೆ ಬಿಳಿ ಹಿಮ ಇನ್ನೂ ಕರಗಿರುವುದಿಲ್ಲ.

— ಸಂಪಾದಕ