ಹಸಿಸೊಪ್ಪಿನ ಏಳ್ವರು

ಹೊಸನಗರದ ಕಡೆಯ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: "ರಜೆಗೆ ಬಂದ ಮೊಮ್ಮಗ ಊರಿನ ಹುಡುಗರನ್ನು ಕೂಡಿಕೊಂಡು ಒಂದು ನೋಟ್‌ಬುಕ್ ತುಂಬಾ ಕಥೆ ಬರೆದಿದ್ದಾನೆ. 'ಹಸಿಸೊಪ್ಪಿನ ಏಳ್ವರು' ಎಂಬ ಕಬಡ್ಡಿ ತಂಡವಂತೆ. ಹಗಲು ಆಟ, ರಾತ್ರಿ ಕಾಡಿನ ಬೆಂಕಿ ಆರಿಸುವ ಕೆಲಸ. ಒಬ್ಬರೂ ಮನುಷ್ಯರಲ್ಲ. ಕ್ಯಾಪ್ಟನ್ ಕೊಳ್ಳಿದೆವ್ವ, ಏಳನೆಯವಳು ನಮ್ಮ ಬನದ ದೇವತೆ ಚೌಡಿ! ಹೊಸಹಳ್ಳಿಯ ಗಮಕ ಕೇಳಿ ಬೆಳೆದವನು ನಾನು. ನಮಗೆ ಇರುವ ಪುರಾಣಗಳು ಸಾಲದೆ? ಚೌಡಿಗೆ ಜೆರ್ಸಿ ತೊಡಿಸುವುದು ತಪ್ಪಲ್ಲವೆ? ಅವನು ನಿಮ್ಮ ಪತ್ರಿಕೆ ಓದುತ್ತಾನೆ, ನಾಲ್ಕು ಬುದ್ಧಿಮಾತು ಬರೆಯಿರಿ." ಜೊತೆಗೆ ನೋಟ್‌ಬುಕ್ಕಿನ ಕೆಲವು ಹಾಳೆಗಳ ಜೆರಾಕ್ಸ್ ಇಟ್ಟಿದ್ದಾರೆ.

ಹಿರಿಯರೇ, ಚೌಡಿಯ ವಿಷಯದಲ್ಲಿ ನಿಮ್ಮ ಮಾತು ಸರಿ. ಬನದ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದು ಬೆಳೆದವರಿಗೆ ಅವಳು ರೈಡ್ ಹೋಗಿ ಔಟಾಗುವುದನ್ನು ಓದಲು ಕಷ್ಟವಾಗುತ್ತದೆ. ಅವಳು ಬನದಲ್ಲೇ ಇದ್ದು ತಂಡವನ್ನು ಕಾಯಲಿ ಎಂದು ಹುಡುಗನಿಗೆ ಹೇಳಿ. ಅಷ್ಟು ತಿದ್ದಿದರೆ ಸಾಕು. ಉಳಿದದ್ದಕ್ಕೆ ಬುದ್ಧಿಮಾತು ಬರೆಯಲು ನನಗೆ ಮನಸ್ಸು ಬರುತ್ತಿಲ್ಲ.

ಮೊದಲ ಹಾಳೆಯಲ್ಲೇ ಒಂದು ಸಾಲಿದೆ: "ನಮ್ಮ ಕ್ಯಾಪ್ಟನ್ನಿನ ಕೊಳ್ಳಿ ಕೈಯಲ್ಲಿಲ್ಲ, ಎದೆಯೊಳಗಿದೆ. ನಡುವೆ ಉಸಿರು ಬಿಟ್ಟರೆ ಆರಿಹೋಗುತ್ತದೆ." ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ನಾನು ಆರನೇ ಕ್ಲಾಸಿನಲ್ಲಿದ್ದಾಗ, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಮನೆ ಹಿಂದಿನ ಸೊಪ್ಪಿನ ಬೆಟ್ಟಕ್ಕೆ ಬೆಂಕಿ ಬಿತ್ತು. ಯಾರೋ ಎಸೆದ ಬೀಡಿ ತುಂಡು, ಪಾದ ಮುಚ್ಚುವಷ್ಟು ಒಣ ದರಗೆಲೆ. ದೊಡ್ಡವರೆಲ್ಲ ನೇರಲು ಕೊಂಬೆ ಮುರಿದುಕೊಂಡು ಓಡಿದರು. ಹಸಿಸೊಪ್ಪನ್ನು ಎತ್ತಿ ಹೊಡೆಯಬಾರದು, ಹೊಡೆದರೆ ಕಿಡಿ ಹಾರುತ್ತದೆ. ಉರಿಯ ಮೇಲೆ ಒತ್ತಿ, ಸುಟ್ಟ ನೆಲದ ಕಡೆಗೇ ಎಳೆದು ಗುಡಿಸಬೇಕು. ಗಾಳಿ ತಿರುಗಿದಾಗ ದೊಡ್ಡಪ್ಪ ಗಾಡಿದಾರಿಯ ದರಗು ಸರಿಸಿ ಅಲ್ಲಿಂದ ಎದುರು ಬೆಂಕಿ ಕೊಟ್ಟರು. ಎರಡು ಬೆಂಕಿ ಮುಖಾಮುಖಿಯಾಗಿ, ಸುಡಲು ಏನೂ ಉಳಿಯದೆ ಸತ್ತವು. ಸಂಜೆ ಅವರು ಜಗಲಿಯಲ್ಲಿ ಕುಳಿತು ಒಂದು ಚೊಂಬು ಮಜ್ಜಿಗೆಯನ್ನು ಕೆಳಗಿಡದೆ ಕುಡಿದರು. ಎಡಹುಬ್ಬಿನ ಕೂದಲು ಸುರುಟಿ ಕೆಂಚಗಾಗಿತ್ತು. "ಹೊಗೆಯೊಳಗೆ ನುಗ್ಗುವ ಮುಂಚೆ ಎಳೆದುಕೊಂಡ ಉಸಿರನ್ನು ಹೊರಗೆ ಬಂದಮೇಲೇ ಬಿಡಬೇಕು ಕಣೋ" ಎಂದರು.

ಕಬಡ್ಡಿಯ ಗುಟ್ಟೂ ಅದೇ ಅಲ್ಲವೆ? ಈಗ ರೈಡಿಗೆ 30 ಸೆಕೆಂಡು ಎಂದು ಗಡಿಯಾರ ಇಟ್ಟಿದ್ದಾರೆ. ಆದರೂ ಒಂದೇ ಉಸಿರಲ್ಲಿ ಎದುರಾಳಿಯ ಅಂಕಣಕ್ಕೆ ನುಗ್ಗಿ, ಮುಟ್ಟಿ, ಗೆರೆ ದಾಟಿ ಬರಬೇಕು. ಈ ಎರಡನ್ನೂ ಒಂದೇ ದಾರದಲ್ಲಿ ಪೋಣಿಸಬಹುದೆಂದು ನನಗೆ ಇಷ್ಟು ವರ್ಷದಲ್ಲಿ ಹೊಳೆದಿರಲಿಲ್ಲ. ನಿಮ್ಮ ಮೊಮ್ಮಗನಿಗೆ ಹೊಳೆದಿದೆ.

ಇರುವ ಪುರಾಣ ಸಾಲದೆ ಎಂದಿರಿ. ಈ ಒಂದು ವಿಷಯಕ್ಕೆ ಸಾಲದು. ಖಾಂಡವ ದಹನವನ್ನು ನೀವು ಗಮಕದಲ್ಲಿ ಕೇಳಿಯೇ ಇರುತ್ತೀರಿ. ಶ್ವೇತಕಿ ರಾಜನ ಯಾಗದ ತುಪ್ಪದಿಂದ ಅಜೀರ್ಣವಾದ ಅಗ್ನಿಗೆ ಕಾಡೇ ಔಷಧಿ. ಗೆಳೆಯ ತಕ್ಷಕನ ಮನೆ ಅಲ್ಲಿದೆಯೆಂದು ಇಂದ್ರ ಮಳೆ ಸುರಿಸಿದರೆ ಅರ್ಜುನ ಬಾಣದ ಚಪ್ಪರ ಹಾಕಿ ತಡೆಯುತ್ತಾನೆ. ಕೊನೆಗೆ ಉಳಿದದ್ದು ಆರೇ ಜೀವ: ಅಶ್ವಸೇನ, ಮಯ, ನಾಲ್ಕು ಶಾರ್ಙ್ಗಕ ಹಕ್ಕಿಮರಿಗಳು. ಸುಡಲು ನಿಂತವನಿಗೆ ಗಾಂಡೀವ ಸಿಕ್ಕಿತು, ಆರಿಸಲು ಬಂದವನು ಸೋತು ಹಿಂದಿರುಗಿದ. ಅಲ್ಲಿ ಅರ್ಜುನನ ಜೊತೆಗಿದ್ದ ಕೃಷ್ಣನೇ ಹುಡುಗನಾಗಿದ್ದಾಗ ಕಾಳ್ಗಿಚ್ಚನ್ನು ನುಂಗಿ ಗೋವಳರನ್ನು ಉಳಿಸಿದ್ದ, ನಿಜ. ಆಗ ಅವರೆಲ್ಲ ಅವನ ಮಾತಿನಂತೆ ಕಣ್ಣು ಮುಚ್ಚಿಕೊಂಡಿದ್ದರು. ಯಾರೂ ನೋಡಲೇ ಇಲ್ಲ! ಬೆಂಕಿ ಆರಿಸುವವರನ್ನು ಕಣ್ಣು ತೆರೆದು ನೋಡಿ ಹಾಡುವ ಕೆಲಸ ಬಾಕಿಯೇ ಇತ್ತು. ಅದಕ್ಕೆ ನಿಮ್ಮ ಹುಡುಗರು ಕೈ ಹಾಕಿದ್ದಾರೆ.

ಶರಾವತಿ ರಾಮನ ಬಾಣದಿಂದ ಹುಟ್ಟಿದಳು ಎಂದು ಅಂಬುತೀರ್ಥದಲ್ಲಿ ಯಾರೋ ಒಬ್ಬರು ಮೊದಲ ಸಲ ಹೇಳಿರಬೇಕಲ್ಲ? ಅವರನ್ನೂ ಅವರ ಅಜ್ಜ ಗದರಿದ್ದರೆ ಇವತ್ತು ನಮಗೆ ಆ ಕಥೆ ಎಲ್ಲಿರುತ್ತಿತ್ತು?

ಆಟಗಾರರನ್ನು ಆರಿಸಿದ ರೀತಿ ನೋಡಿ. ನಾಲ್ವರು ಜೋಗ ಜಲಪಾತದ ಕವಲುಗಳು: ರಾಜ, ರಾಣಿ, ರೋರರ್, ರಾಕೆಟ್. 253 ಮೀಟರ್ ಎತ್ತರದಿಂದ ಧುಮುಕಿ ಅಭ್ಯಾಸವಿರುವವರು. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಮೇಲೆ ಬೇಸಿಗೆಯಲ್ಲಿ ಅವರ ಮೈ ಬತ್ತುತ್ತದೆ, ಬೆಟ್ಟಕ್ಕೆ ಬೆಂಕಿ ಬೀಳುವುದೂ ಆಗಲೇ. ಐದನೆಯವನು ಆಗುಂಬೆಯ ಮೋಡ, ಅವನು ಬರುವುದು ಜೂನ್‌ಗೆ. ಅಲ್ಲಿಯವರೆಗೆ ಕ್ಯಾಪ್ಟನ್ ಎದೆಯ ಕೊಳ್ಳಿಯೊಂದನ್ನೇ ನಂಬಿ ತಂಡ ನಡೆಸಬೇಕು. ಎಂಥ ಇಕ್ಕಟ್ಟು! ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆಯವರು ಗಾಳಿಗೆ ಕೈ ಅಡ್ಡ ಹಿಡಿದು, ರಾತ್ರಿಯಿಡೀ ಆರಗೊಡದೆ ಒಯ್ಯುವ ದೀಪ ನಿಮ್ಮ ಜಗಲಿಗೂ ಬಂದಿರುತ್ತದೆ. ಹುಡುಗ ಅದನ್ನು ಕಂಡೇ ಹೀಗೆ ಬರೆದಿದ್ದಾನೆ ಎಂದು ನನಗೆ ಅನಿಸುತ್ತದೆ.

ಎದುರಾಳಿಗಳು ಮಾತ್ರ ಸಪ್ಪೆ. ಟೀವಿಯಿಂದ ಎತ್ತಿ ತಂದ ಕಬ್ಬಿಣದಂಗಿಯ ರಾಕ್ಷಸರು. ಇಲ್ಲಿ ಹುಡುಗನ ಕಿವಿ ಹಿಂಡುತ್ತೇನೆ. ಅಗ್ನಿಗೆ ಏಳು ನಾಲಿಗೆ ಎಂದು ಮುಂಡಕೋಪನಿಷತ್ತು ಹೇಳುತ್ತದೆ: ಕಾಳೀ, ಕರಾಳೀ, ಮನೋಜವಾ, ಸುಲೋಹಿತಾ, ಸುಧೂಮ್ರವರ್ಣಾ, ಸ್ಫುಲಿಂಗಿನೀ, ವಿಶ್ವರುಚೀ. ಕಬಡ್ಡಿಗೂ ಏಳೇ ಜನ! ಮನಸ್ಸಿನ ವೇಗದ ಮನೋಜವಾ ಅವರ ರೈಡರ್ ಆಗಲಿ. ಹೊಗೆ ಬಣ್ಣದ ಸುಧೂಮ್ರವರ್ಣಾ ಮೂಲೆಯಲ್ಲಿ ಕಾಣದಂತೆ ನಿಂತು ಕಾಲು ಹಿಡಿಯಲಿ. ಕಿಡಿಯಾಗಿ ಹಾರುವ ಸ್ಫುಲಿಂಗಿನೀ ಬೋನಸ್ ಗೆರೆ ದಾಟಲಿ.

ನನ್ನ ಬೇಸರ ಬೇರೆಯವರ ಮೇಲಿದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಮದ್ದುಗುಂಡು, ಹತ್ತಿ ತುಂಬಿದ ಫೋರ್ಟ್ ಸ್ಟಿಕಿನ್ ಹಡಗು ಸಿಡಿದು 60ಕ್ಕೂ ಹೆಚ್ಚು ಅಗ್ನಿಶಾಮಕರು ಸತ್ತರು. ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುವುದು ಅವರ ನೆನಪಿಗೆ. ನಮ್ಮ ಮಕ್ಕಳಿಗೆ 101 ಗೊತ್ತು, ಈ ಕಥೆಯನ್ನು ಯಾರೂ ಹೇಳಿಲ್ಲ. ಬೇಸಿಗೆಯಿಡೀ ದಿನಗೂಲಿಗೆ ಬೆಂಕಿ ರೇಖೆ ಕಾಯುವ ನಮ್ಮೂರ ಹುಡುಗರ ಹೆಸರು ಯಾವ ಪುಟದಲ್ಲೂ ಬರುವುದಿಲ್ಲ. ಜಾಹೀರಾತಿನವರು ತಂಡಕ್ಕೆ ಹುಲಿ, ಸಿಂಹ ಎಂದು ಹೆಸರಿಟ್ಟರೆ ದುಡ್ಡು ಕೊಟ್ಟು ಅಂಗಿ ತೊಡುತ್ತೇವೆ. ಮಕ್ಕಳೇ ತಮ್ಮ ಬೆಟ್ಟ, ತಮ್ಮ ಹೊಳೆಯಿಂದ ತಂಡ ಕಟ್ಟಿದರೆ ತಪ್ಪಲ್ಲವೆ ಎಂದು ಕೇಳುತ್ತೇವೆ. ಬೀಗ ಬಿದ್ದ ಶಾಲೆಗಳ ಅಂಗಳದಲ್ಲಿ ಲಂಟಾನ ಬೆಳೆದಿದೆ. ಮಕ್ಕಳು ಬರೆದದ್ದಕ್ಕೆಂದೇ ಇದ್ದ ಪುಟಗಳನ್ನು ನಾವು ಪತ್ರಿಕೆಯವರು ಅಡುಗೆಗೂ ರಾಶಿಫಲಕ್ಕೂ ಬಿಟ್ಟುಕೊಟ್ಟೆವು. ಅದು ನನಗೆ ಇವತ್ತಿಗೂ ನೋವಿನ ವಿಷಯ.

ಚೌಡಿ ಬನಕ್ಕೆ ಹಿಂದಿರುಗಿದರೆ ತಂಡದಲ್ಲಿ ಒಂದು ಜಾಗ ಖಾಲಿಯಾಗುತ್ತದೆ. ಕಬಡ್ಡಿಗೆ ಏಳು ಜನ ಬೇಕೇ ಬೇಕು. ನಿಮ್ಮ ಪತ್ರದ ಕೊನೆಯಲ್ಲಿ, ಪ್ರಾಯದಲ್ಲಿ ಬೆಟ್ಟದ ಬೆಂಕಿ ಆರಿಸಲು ಹೋಗಿ ಬಲಗೈ ಸುಟ್ಟುಕೊಂಡೆ, ಕಲೆ ಇನ್ನೂ ಇದೆ ಎಂದು ಒಂದು ಸಾಲು ಬರೆದಿದ್ದೀರಿ. ಮೊಮ್ಮಗನಿಗೆ ಆ ಕಲೆ ತೋರಿಸಿದ್ದೀರಾ? ಆ ದಿನ ಗಾಳಿ ಯಾವ ಕಡೆಯಿಂದ ಬೀಸಿತು, ಯಾವ ಮರದ ಸೊಪ್ಪು ಮುರಿದಿರಿ, ಜೊತೆಗೆ ಯಾರು ಯಾರಿದ್ದರು, ಎಲ್ಲವನ್ನೂ ಹೇಳಿ. ಏಳನೆಯವನ ಹಾಳೆಗಳು ತುಂಬಿದಮೇಲೆ ನೋಟ್‌ಬುಕ್ಕನ್ನು ನಮಗೆ ಕಳಿಸಿ. ಪೂರ್ತಿ ಅಚ್ಚು ಹಾಕುತ್ತೇವೆ. ಅಂಚೆ ಖರ್ಚು ನಮ್ಮದು.

– ಸಂಪಾದಕ