ಒಂದೇ ಸಮೀಕರಣ ಸಾಕಾಗುವುದು ಯಾವಾಗ?

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿ ಈಗ ಎಂಬಿಎ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್‌ಗೆ ತಯಾರಾಗುತ್ತಿದ್ದೇನೆ. ಕೊಟ್ಟ ಹೇಳಿಕೆಗಳಲ್ಲಿ ಯಾವುದು ಉತ್ತರಕ್ಕೆ ಸಾಕು ಎಂದಷ್ಟೇ ಹೇಳಬೇಕಾದ ಡೇಟಾ ಸಫಿಶಿಯೆನ್ಸಿಯ ಈ ಲೆಕ್ಕ ತಪ್ಪಾಯಿತು: ‘ನೋಟ್ ಪುಸ್ತಕಕ್ಕೆ 17 ರೂ., ಪೆನ್ನಿಗೆ 12 ರೂ. ಇವೆರಡನ್ನೇ ಕೊಂಡವನು ಪುಸ್ತಕ ಎಷ್ಟು ಕೊಂಡ? (1) ಬಿಲ್ಲು 150 ರೂ. (2) ಎರಡೂ ಸೇರಿ 10.’ ಅಜ್ಞಾತ ಎರಡಿದ್ದರೆ ಸಮೀಕರಣವೂ ಎರಡು ಬೇಕಲ್ಲವೇ? ಸರಿಯುತ್ತರ ‘ಮೊದಲನೆಯ ಹೇಳಿಕೆ ಮಾತ್ರ ಸಾಕು’ ಎಂದಿದೆ.
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಅರ್ಧ ಪುಸ್ತಕ, ಮುಕ್ಕಾಲು ಪೆನ್ನು ಯಾರೂ ಮಾರುವುದಿಲ್ಲ. ಪ್ರಶ್ನೆಯಲ್ಲಿ ಬರೆಯದೆ ಬಿಟ್ಟ ಮೂರನೆಯ ಮಾಹಿತಿ ಇದೇ. ಪುಸ್ತಕ x, ಪೆನ್ನು y ಆದರೆ 17x + 12y = 150. 12ನ್ನೂ 150ನ್ನೂ 6ರಿಂದ ಭಾಗಿಸಬಹುದು, 17ನ್ನು ಆಗದು; 17ಕ್ಕೂ 6ಕ್ಕೂ 1 ಬಿಟ್ಟರೆ ಸಾಮಾನ್ಯ ಅಪವರ್ತನವೇ ಇಲ್ಲ. ಹಾಗಾಗಿ x ಎಂಬುದು 6ರ ಮಗ್ಗಿಯಲ್ಲೇ ಬರಬೇಕು. 12 ಪುಸ್ತಕಕ್ಕೆ 204 ರೂ. ಆಗಿ ಬಿಲ್ಲನ್ನು ಮೀರುತ್ತದೆ. ಉಳಿದದ್ದು 6, ಅದಕ್ಕೆ 102 ರೂ., ಮಿಕ್ಕ 48ಕ್ಕೆ 4 ಪೆನ್ನು. ಬೇರೆ ದಾರಿಯೇ ಇಲ್ಲ.

ಎರಡನೆಯ ಹೇಳಿಕೆಯನ್ನು ನೋಡುವಾಗ 150ನ್ನು ಮರೆತುಬಿಡಿ. ಬಹಳ ಮಂದಿ ಎಡವುವುದು ಇಲ್ಲೇ: ಮೊದಲ ಹೇಳಿಕೆಯ ಅಂಕಿ ತಲೆಯಲ್ಲಿ ಉಳಿದು ಎರಡನೆಯದರೊಳಗೆ ನುಸುಳುತ್ತದೆ. ಬರೀ ‘ಸೇರಿ 10’ ಎಂದರೆ 1–9, 2–8, ಏನೂ ಆಗಬಹುದು, ಸಾಲದು.

ಹಾಗೆಂದು ಪೂರ್ಣಾಂಕ ಕಂಡ ಕೂಡಲೇ ಒಂದೇ ಸಾಕು ಎಂದು ಗುರುತು ಹಾಕಬೇಡಿ. ಬೆಲೆ 15 ಮತ್ತು 10 ಆಗಿದ್ದರೆ 150 ರೂಪಾಯಿಗೆ 2 ಪುಸ್ತಕ 12 ಪೆನ್ನೂ ಬರುತ್ತದೆ, 4ಕ್ಕೆ 9ಊ ಬರುತ್ತದೆ. ಎರಡನೆಯ ಜೋಡಿ ಸಿಕ್ಕಿದಲ್ಲಿಗೆ ಕೆಲಸ ಮುಗಿಯಿತು, ಮುಂದೆ ಹುಡುಕಬೇಡಿ. ಪುಸ್ತಕದ ಬದಲು ಅಡಿಕೆ, ಕಾಳುಮೆಣಸಿನ ತೂಕ ಕೇಳಿದ್ದರಂತೂ ಕಾಲು ಕಿಲೋವೂ ಲೆಕ್ಕಕ್ಕೆ ಬರುವುದರಿಂದ ಈ ಉಪಾಯ ನಡೆಯದು.

ತಿರುಗುಮುರುಗು ಬಲೆಯೂ ಇದೆ. 2x + 3y = 40, 4x + 6y = 80 ನೋಡಲು ಎರಡು, ನಿಜಕ್ಕೆ ಒಂದೇ. ಸೇರಿಸಿದರೂ ಹೊಸದೇನೂ ಸಿಗದು.

ಪ್ರಶ್ನೆ: ಪ್ರತಿ ಲೆಕ್ಕವನ್ನೂ ಕೊನೆವರೆಗೆ ಬಿಡಿಸಬೇಕೇ? ಸಮಯ ಸಾಲುವುದಿಲ್ಲ.
— ಓದುಗರೊಬ್ಬರು, ಮಂಜೇಶ್ವರ

ಉತ್ತರ: ಬೇಡ. ಉತ್ತರ ಒಂದೇ ಎಂದು ಖಚಿತವಾದರೆ ಸಾಕು, ಅದು ಎಷ್ಟೆಂದು ಯಾರೂ ಕೇಳುವುದಿಲ್ಲ. ಜಿಮ್ಯಾಟ್‌ನ ಡೇಟಾ ಇನ್‌ಸೈಟ್ಸ್ ಭಾಗದಲ್ಲಿ (ಈ ಬಗೆಯ ಲೆಕ್ಕ ಬರುವುದು ಇದರಲ್ಲೇ) 45 ನಿಮಿಷಕ್ಕೆ 20 ಪ್ರಶ್ನೆ. ಸರಾಸರಿ ಎರಡೂಕಾಲು ನಿಮಿಷ. ಕೇಳಿದ್ದು x + y ಆಗಿದ್ದು 3x + 3y = 51 ಕೊಟ್ಟಿದ್ದರೆ x ಹುಡುಕುವುದೇ ದಂಡ. ‘yಗಿಂತ x ದೊಡ್ಡದೇ?’ ಎಂಬಂಥ ಪ್ರಶ್ನೆಗೆ ಖಚಿತವಾಗಿ ‘ಅಲ್ಲ’ ಎಂದು ಬಂದರೂ ಮಾಹಿತಿ ಸಾಕು ಎಂದೇ ಅರ್ಥ. ಜಿಮ್ಯಾಟ್‌ನಲ್ಲಿ ಐದು ಆಯ್ಕೆಗಳ ಕ್ರಮ ಬದಲಾಗದು, ಬಾಯಿಪಾಠ ಮಾಡಿಕೊಳ್ಳಿ. ಬ್ಯಾಂಕ್ ಪರೀಕ್ಷೆಗಳಲ್ಲಿ ಮಾತ್ರ ಆ ಧೈರ್ಯ ಬೇಡ. ಆಯ್ಕೆಗಳನ್ನು ಪ್ರತಿಸಲ ಓದಿಯೇ ಗುರುತು ಹಾಕಿ.